ಕಾಕಿಶಿಬು: ಜಪಾನಿನ ಒಗರುಬಣ್ಣವೂ ಅದನ್ನು ಬಳಿದ ಕರ್ಮಿಗಳೂ

ಜಪಾನೀ ಭಾಷೆಯಲ್ಲಿ 'ಶಿಬು' ಎಂದರೆ ಒಗರು. ಬಲಿಯದ ಬಾಳೆಕಾಯಿಯನ್ನು ಕಚ್ಚಿದವನ ನಾಲಗೆ ಯಾವ ರುಚಿಯಿಂದ ಬಿಗಿದುಕೊಳ್ಳುತ್ತದೆಯೋ ಆ ರುಚಿಯೇ ಅದು. 'ಕಾಕಿ' ಎಂಬುದು ಒಂದು ಹಣ್ಣಿನ ಹೆಸರು. ನಮ್ಮ ದೇಶದಲ್ಲಿ ಕುಲು ಕಣಿವೆಯ ತೋಟಗಳಿಂದ ಬರುವ, ಅಲ್ಲಿಯ ಜನರು 'ಜಾಪಾನಿ ಫಲ' ಎಂದು ಕರೆಯುವ ಕಿತ್ತಳೆಬಣ್ಣದ ಹಣ್ಣು ಇದೇ. ನಾವು ಬಟ್ಟೆಗೆ ಹೇಳುವ ಖಾಕಿಗೂ ಇದಕ್ಕೂ ಸಂಬಂಧವಿಲ್ಲ. ಆ ಶಬ್ದ ಪಾರಸಿಯದು, ಅದರ ಅರ್ಥ ಧೂಳಿನ ಬಣ್ಣ. ಕಾಕಿಶಿಬು ಎಂಬುದು ಮೇಲಿನ ಎರಡು ಪದಗಳ ಸಮಾಸ. ಇನ್ನೂ ಹಸುರಾಗಿರುವ ಕಾಕಿಕಾಯಿಯನ್ನು ಜಜ್ಜಿ, ಹಿಂಡಿ, ಹುದುಗಿಸಿ, ಬಹುಕಾಲ ಹಳತಾಗಿಸಿ ಪಡೆದ ಕಂದುಗೆಂಪಿನ ರಸಕ್ಕೆ ಈ ಹೆಸರು.

ಬಣ್ಣವೆಂದು ಕರೆದರೂ ಇದು ಕೇವಲ ಬಣ್ಣವಲ್ಲ. ಕಾಗದಕ್ಕೆ ಬಳಿದರೆ ಕಾಗದವು ನೀರನ್ನು ತಡೆದುಕೊಳ್ಳುತ್ತದೆ. ಬಲೆಗೆ ಊಡಿದರೆ ನೂಲು ಕೊಳೆಯುವುದು ತಡವಾಗುತ್ತದೆ. ಗೋಡೆಯ ಹಲಗೆಗೆ ಹಚ್ಚಿದರೆ ಹಲಗೆ ಮಳೆಗೆ ಬಾಳುತ್ತದೆ. ಅಕ್ಕಿಯ ಮದ್ಯಕ್ಕೆ ಅಲ್ಪ ಪ್ರಮಾಣದಲ್ಲಿ ಬೆರಸಿದರೆ ಮಬ್ಬು ತಳಕ್ಕಿಳಿದು ಮದ್ಯ ತಿಳಿಯಾಗುತ್ತದೆ. ಎಂಟುನೂರು ವರ್ಷಗಳಿಗೂ ಮೀರಿ ಜಪಾನಿನ ಜನಜೀವನದಲ್ಲಿ ಈ ರಸ ಹರಡಿಕೊಂಡಿತ್ತು. ಆದರೂ ಅದರ ಚರಿತ್ರೆಯನ್ನು ಬರೆಯಲು ತೊಡಗಿದವರಿಗೆ ಒಂದು ತೊಡಕು ಎದುರಾಗುತ್ತದೆ. ಅದೇನೆಂದರೆ, ಈ ರಸವು ತಾನೇ ಒಂದು ವಸ್ತುವಾಗಿ ನಿಲ್ಲುವುದು ಬಹು ವಿರಳ. ಊಟದ ಬಟ್ಟಲಿನಲ್ಲಿ ಅದು ಮೆರುಗಿನ ಅಡಿಗೆ ಹುದುಗಿದೆ. ಕಾಗದದ ಕೊಡೆಯಲ್ಲಿ ಕಡ್ಡಿಗೂ ಹಾಳೆಗೂ ನಡುವಣ ಅಂಟಾಗಿದೆ. ರೇಷ್ಮೆಯ ನಿಲುವಂಗಿಯ ಸೂಕ್ಷ್ಮ ಚಿತ್ತಾರವು ಮೂಡಿದ್ದು ಈ ರಸ ಕುಡಿದ ಅಚ್ಚುಹಾಳೆಯಿಂದ. ಆದರೆ ಆ ಹಾಳೆ ಬಟ್ಟೆಯನ್ನು ಕೊಂಡವನ ಮನೆಗೆ ಹೋಗುವುದೇ ಇಲ್ಲ. ಕೈಕಸುಬುಗಳ ಇತಿಹಾಸವೆಂದು ನಾವು ಓದುತ್ತಿರುವುದು ಬಹುಮಟ್ಟಿಗೆ ಕೊನೆಯ ಕೈಯ ಇತಿಹಾಸ. ಮೆರುಗು ಹಚ್ಚಿದವನು, ಅಚ್ಚು ಕೊರೆದವನು, ಬಟ್ಟೆಗೆ ಬಣ್ಣವೇರಿಸಿದವನು ಗ್ರಂಥಗಳಲ್ಲಿ ಸಿಕ್ಕುತ್ತಾರೆ. ಅವರೆಲ್ಲರಿಗೂ ಮುಂಚೆ ಕುಂಚ ಹಿಡಿದವನು ಸಿಕ್ಕುವುದಿಲ್ಲ. ಅವನನ್ನು ವಸ್ತುಗಳಿಂದಲೇ ಹುಡುಕಬೇಕು ಎಂಬುದು ನಮ್ಮ ಅಭಿಪ್ರಾಯ. ಹಾಗೆ ಹುಡುಕಿದರೆ ಎಷ್ಟು ದೊರೆಯುತ್ತದೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲು ರಸದ ತಯಾರಿಕೆಯ ಮಾತು. ಕಾಕಿಮರದಲ್ಲಿ ಸಿಹಿಜಾತಿ, ಒಗರುಜಾತಿ ಎಂದು ಎರಡು ಬಗೆ. ಒಗರುಜಾತಿಯ ಹಣ್ಣು ಪೂರ್ತಿ ಮೆತ್ತಗಾಗುವವರೆಗೆ, ಇಲ್ಲವೆ ಸಿಪ್ಪೆ ತೆಗೆದು ಒಣಗಿಸುವವರೆಗೆ ತಿನ್ನಲು ಬಾರದು. ರಸಕ್ಕೆ ಬೇಕಾದುದು ಈ ಜಾತಿ, ಅದರಲ್ಲಿಯೂ ಚಿಕ್ಕಗಾತ್ರದ, ಒಗರು ಬಲವಾದ ತಳಿಗಳು. ಒಗರು ಅತ್ಯಧಿಕವಾಗಿರುವ ಬೇಸಗೆಯ ಕೊನೆಯಲ್ಲಿ, ಮುಖ್ಯವಾಗಿ ಆಗಸ್ಟ್ ತಿಂಗಳಲ್ಲಿ, ಕಾಯಿಗಳನ್ನು ಹಸುರಾಗಿರುವಾಗಲೇ ಕೊಯ್ಯುತ್ತಾರೆ. ಕೊಯ್ದ ಕಾಯಿಯನ್ನು ತಡಮಾಡದೆ ಜಜ್ಜಬೇಕು. ಮೊದಲ ಹಿಂಡಿಕೆಯ ರಸಕ್ಕೆ 'ಇಚಿಬಾನ್ ಶಿಬು', ಹಿಪ್ಪೆಗೆ ನೀರು ಬೆರಸಿ ಮತ್ತೆ ಹಿಂಡಿದುದಕ್ಕೆ 'ನಿಬಾನ್ ಶಿಬು' ಎಂದು ಹೆಸರು. ಒಂದನೆಯದು ಬೆಲೆಯುಳ್ಳದ್ದು, ಎರಡನೆಯದು ಒರಟು ಕೆಲಸಕ್ಕೆ. ಅನಂತರ ಹುದುಗುವಿಕೆ ತಾನಾಗಿಯೇ ಮೊದಲಾಗುತ್ತದೆ. ಸಕ್ಕರೆಯ ಅಂಶ ಕರಗಿ ಹಲವು ಆಮ್ಲಗಳು ಹುಟ್ಟುತ್ತವೆ; ಹಳಸಿದ ಬೆಣ್ಣೆಯನ್ನು ನೆನಪಿಗೆ ತರುವ ದುರ್ಗಂಧ ಬರುವುದು ಇವುಗಳಿಂದಲೇ. ಹೊಸ ರಸವನ್ನು ಒಂದು ವರ್ಷವಾದರೂ ಇಡಬೇಕು. ಎರಡು ಮೂರು ವರ್ಷ ಹಳತಾದುದು ಉತ್ತಮವೆಂದು ಎಣಿಕೆ. ಈ ಅವಧಿಯಲ್ಲೆಲ್ಲ ಕಬ್ಬಿಣ ಸೋಕಕೂಡದು. ಸೋಕಿದರೆ ರಸ ಕಪ್ಪಾಗುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಬೆರಸಿ ಮಸಿ ಮಾಡುತ್ತಿದ್ದ ನಮ್ಮವರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ನಂಟಸ್ತಿಕೆಯನ್ನೂ ಹೇಳಬಹುದು. ಕಾಕಿಮರವು ಸಂಸ್ಕೃತದ ತಿಂದುಕದ, ಕನ್ನಡದ ತೂಬರೆಯ ಕುಲಕ್ಕೇ ಸೇರಿದುದು. ಬೀಡಿಯ ಎಲೆಯೂ ಈ ಕುಲದ ಮರದ್ದೇ. ನಮ್ಮ ದೇಶದ, ವಿಶೇಷವಾಗಿ ವಂಗದೇಶದ, ಬೆಸ್ತರು ಈ ಕುಲದ ಒಂದು ಕಾಯಿಯ ಅಂಟುರಸವನ್ನು ಬಲೆಗೆ ಊಡುವುದಕ್ಕೂ ದೋಣಿಯ ಸಂದುಗಳಿಗೆ ಬಳಿಯುವುದಕ್ಕೂ ಉಪಯೋಗಿಸುತ್ತಿದ್ದರು. ಇವರಲ್ಲಿ ಒಬ್ಬರಿಂದ ಒಬ್ಬರು ಕಲಿತರೆಂದು ಹೇಳಲು ಆಧಾರ ಬೇಕಾಗಿಲ್ಲ. ಒಗರು ಎಲ್ಲಿದೆಯೋ ಅಲ್ಲಿ ನೀರಿನ ಕಸುಬಿನವರು ಅದನ್ನು ಕಂಡುಕೊಳ್ಳುತ್ತಾರೆ.

ಈ ರಸ ಹೀಗೆ ಕೆಲಸ ಮಾಡುವುದೇಕೆ ಎಂಬುದಕ್ಕೆ ರಸಾಯನಶಾಸ್ತ್ರ ಉತ್ತರ ಕೊಟ್ಟಿದ್ದು ಇತ್ತೀಚೆಗೆ. ಕಾಯಿಯ ಟ್ಯಾನಿನ್ನಿನ ರಚನೆಯನ್ನು ಮಾತ್ಸುಓ ಮತ್ತು ಇತೊ ಎಂಬ ವಿದ್ವಾಂಸರು ೧೯೭೮ರಲ್ಲಿ ವಿವರಿಸಿದರು. ಅನೇಕ ಘಟಕಗಳು ಸರಪಣಿಯಾಗಿ ಬೆಸೆದುಕೊಂಡ ದೊಡ್ಡ ಅಣು ಅದು. ಪ್ರೋಟೀನು ಸಿಕ್ಕಿದೊಡನೆ ಅದನ್ನು ಬಿಗಿದು ಹಿಡಿಯುವುದು ಅದರ ಸ್ವಭಾವ. ನಾಲಗೆಯ ಮೇಲಾದರೆ ಇದು ಒಗರು, ಮದ್ಯದ ಪಾತ್ರೆಯಲ್ಲಾದರೆ ತಿಳಿಯಾಗುವಿಕೆ. ಗಾಳಿ ಬೆಳಕುಗಳಿಗೆ ಒಡ್ಡಿದಾಗ ಸರಪಣಿಗಳು ಮತ್ತಷ್ಟು ಹೆಣೆದುಕೊಂಡು ನೀರಿನಲ್ಲಿ ಕರಗದ ಪೊರೆಯಾಗುತ್ತವೆ. ಜೊತೆಗೆ ಬಣ್ಣವೂ ಗಾಢವಾಗುತ್ತದೆ. ಬಳಿದ ದಿನ ಕಾಣುವುದು ತೆಳುವಾದ ಮಾಸಲುಬಣ್ಣ. ದಿನಗಳು, ತಿಂಗಳುಗಳು ಕಳೆದ ಹಾಗೆ ಅದು ಜೇನಿನ ಬಣ್ಣಕ್ಕೆ, ಕಂದಿಗೆ, ಕೆಂಗಂದಿಗೆ ತಿರುಗುತ್ತದೆ. ಉಳಿದ ಬಣ್ಣಗಳು ಬಿಸಿಲಿಗೆ ಮಾಸಿದರೆ ಇದು ಬಿಸಿಲಿನಿಂದ ಏರುತ್ತದೆ. ಆದ್ದರಿಂದ ಇದನ್ನು ಬಳಿಯುವವನು ತನ್ನ ಕೆಲಸದ ಮುಗಿದ ರೂಪವನ್ನು ಕೆಲಸದ ಕಾಲದಲ್ಲಿ ಕಾಣಲಾರ. ಎಷ್ಟು ಹಳೆಯ ರಸ, ಎಷ್ಟು ನೀರು, ಎಷ್ಟು ಬಳಿತ, ಎಂಥ ಬಿಸಿಲು ಎಂಬುದನ್ನು ಮುಂದೆ ಬರುವ ಬಣ್ಣವನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದೇ ನಿರ್ಧರಿಸಬೇಕು. ದಪ್ಪವಾಗಿ ಒಮ್ಮೆ ಬಳಿದರೆ ಪೊರೆ ಸೀಳುತ್ತದೆ. ತೆಳುವಾಗಿ ಹಲವು ಸಲ ಬಳಿದು, ಪ್ರತಿ ಸಲವೂ ಚೆನ್ನಾಗಿ ಒಣಗಿಸಬೇಕು. ಇದು ಯಾರಾದರೂ ಮಾಡಬಹುದಾದ ಕೆಲಸವೆಂದು ತೋರಿದರೆ ಅದಕ್ಕೆ ಕಾರಣ ಅದರಲ್ಲಿಯ ಕೌಶಲ ಕೈಚಳಕದಲ್ಲಿಲ್ಲದೆ ಅಂದಾಜಿನಲ್ಲಿರುವುದು.

ಚರಿತ್ರೆಯಲ್ಲಿ ಈ ರಸದ ಮೊದಲ ದೊಡ್ಡ ಕಾರ್ಯ ನಡೆದುದು ಬಟ್ಟಲಿನ ಒಳಗೆ. ಜಪಾನಿನ ಉತ್ತಮ ಮೆರುಗುಪಾತ್ರೆಗಳಿಗೆ ಮರದ ಮೇಲೆ ಜೇಡಿಯ ಪುಡಿಯನ್ನು 'ಉರುಶಿ' ಎಂಬ ಮರದ ಹಾಲಿನಲ್ಲಿ ಕಲಸಿ ಅಡಿಲೇಪ ಕೊಡುತ್ತಿದ್ದರು. ಉರುಶಿ ದುಬಾರಿ, ಒಂದು ಮರದಿಂದ ಬರುವುದು ಅತ್ಯಲ್ಪ. ಹನ್ನೊಂದು-ಹನ್ನೆರಡನೆಯ ಶತಮಾನಗಳ ಸುಮಾರಿಗೆ ಇದಕ್ಕೆ ಬದಲಾಗಿ ಇದ್ದಲಿನ ಪುಡಿಯನ್ನು ಕಾಕಿಶಿಬುವಿನಲ್ಲಿ ಕಲಸಿ ಅಡಿಲೇಪ ಕೊಟ್ಟು, ಅದರ ಮೇಲೆ ಒಂದೋ ಎರಡೋ ಪದರ ಮಾತ್ರ ಉರುಶಿ ಬಳಿಯುವ ಪದ್ಧತಿ ಕಾಣಿಸಿಕೊಂಡಿತು. ನೆಲದಲ್ಲಿ ಹೂತಿದ್ದ ಬಟ್ಟಲಿನ ಚೂರುಗಳನ್ನು ಅಡ್ಡಕ್ಕೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿ ಯೊತ್ಸುಯನಾಗಿ ಕಾಶೊ ಮೊದಲಾದ ಸಂಶೋಧಕರು ಇದನ್ನು ಸ್ಥಾಪಿಸಿದ್ದಾರೆ. ಅದುವರೆಗೆ ಸಿರಿವಂತರ, ದೇವಾಲಯಗಳ ಸೊತ್ತಾಗಿದ್ದ ಕೆಂಪು-ಕಪ್ಪು ಮೆರುಗಿನ ಬಟ್ಟಲು ಸಾಮಾನ್ಯರ ಊಟಕ್ಕೆ ಬಂದುದು ಈ ಅಗ್ಗದ ಅಡಿಲೇಪದ ಮೂಲಕ. ಆ ಕಾಲದ ಬಟ್ಟಲಿನ ಚರಿತ್ರೆಯನ್ನು ಮೆರುಗುಗಾರರ ಚರಿತ್ರೆಯಾಗಿ ಬರೆಯುವವರು ಈ ಒಂದು ಪದರವನ್ನು ಬಿಟ್ಟರೆ ಮುಖ್ಯ ವಿಷಯವನ್ನೇ ಬಿಟ್ಟಂತೆ. ಕಾಗದಪತ್ರಗಳು ಮೌನವಾಗಿರುವಲ್ಲಿ ಬಟ್ಟಲಿನ ಚೂರು ಮಾತನಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತಿಳಿಯದು.

ಕಾಕಿಯ ಬಣ್ಣಕ್ಕೆ ಮಧ್ಯಯುಗದ ಸಮಾಜದಲ್ಲಿ ಒಂದು ವಿಶಿಷ್ಟವಾದ ಅರ್ಥವೂ ಇತ್ತು. 'ಹಿನಿನ್', ಅಂದರೆ ಮನುಷ್ಯರಲ್ಲದವರು, ಎಂದು ಕರೆಸಿಕೊಂಡು ಸಮಾಜದ ಅಂಚಿನಲ್ಲಿದ್ದ ಜನರು ಕಾಕಿಬಣ್ಣದ ನಿಲುವಂಗಿಯನ್ನು ತೊಡುತ್ತಿದ್ದರು. ಬೆಟ್ಟಗಳಲ್ಲಿ ತಪಸ್ಸು ಮಾಡುತ್ತ ಅಲೆಯುತ್ತಿದ್ದ 'ಯಮಬುಶಿ' ಸಾಧಕರ ಉಡುಪೂ ಅದೇ ಬಣ್ಣದ್ದು. ಇತಿಹಾಸಕಾರ ಅಮಿನೊ ಯೋಶಿಹಿಕೊ ೧೯೮೬ರ ತಮ್ಮ ಗ್ರಂಥದಲ್ಲಿ ಈ ಉಡುಪಿನ ವಿಚಾರವನ್ನು ವಿಸ್ತಾರವಾಗಿ ಚರ್ಚಿಸಿ, ಅದು ಮೊದಲಿಗೆ ಕೇವಲ ಹೀನತೆಯ ಗುರುತಾಗಿರಲಿಲ್ಲ, ಸಾಮಾನ್ಯ ಲೋಕದ ಕಟ್ಟಳೆಗಳ ಹೊರಗಿರುವವರ ಗುರುತಾಗಿತ್ತು, ತಿರಸ್ಕಾರ ಅದಕ್ಕೆ ಅಂಟಿದ್ದು ಬರಬರುತ್ತ ಎಂದು ವಾದಿಸಿದರು. ಆ ಬಟ್ಟೆಗಳೆಲ್ಲ ನಮ್ಮ ಈ ರಸದಿಂದಲೇ ಬಣ್ಣಗೊಂಡವೆಂದು ನಾವು ಹೇಳುತ್ತಿಲ್ಲ. ಬಣ್ಣದ ಹೆಸರು ಒಂದು, ಬಣ್ಣ ಕೊಡುವ ವಸ್ತು ಇನ್ನೊಂದು. ಆದರೂ ಹಿತ್ತಿಲ ಮರದಿಂದ ದೊರೆಯುವ, ರೇಷ್ಮೆಯ ಬಣ್ಣಗಾರರ ಕೈಗೆ ಕಾಯಬೇಕಾಗಿಲ್ಲದ ಬಣ್ಣವು ಸಂಪ್ರದಾಯದ ಅಂಚಿನವರ ಮೈಮೇಲೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಅದೇ ಬಣ್ಣ ಎದೊ ಯುಗದಲ್ಲಿ ರಂಗಭೂಮಿಯನ್ನೇರಿ ಮರ್ಯಾದೆ ಪಡೆದುದು ಇನ್ನೊಂದು ಕಥೆ. ಇಚಿಕಾವಾ ದಾಂಜೂರೊ ಎಂಬ ಬಿರುದಿನ ಕಾಬುಕಿ ನಟವಂಶದವರು 'ಶಿಬರಾಕು' ನಾಟಕದಲ್ಲಿ ಮೂರು ಅಳತೆಪೆಟ್ಟಿಗೆಗಳ ಲಾಂಛನವುಳ್ಳ ಭಾರಿ ತೋಳಿನ ಕಾಕಿಬಣ್ಣದ ಉಡುಪಿನಲ್ಲಿ ಬರುತ್ತಾರೆ. ಕಾಕಿಶಿಬುವಿಗೆ ಕೆಮ್ಮಣ್ಣನ್ನು ಬೆರಸಿ ಪಡೆಯುವ ಆ ಕಂದುಬಣ್ಣಕ್ಕೆ 'ದಾಂಜೂರೊ ಕಂದು' ಎಂದೇ ಹೆಸರು ನಿಂತಿತು. ನಟನ ಹೆಸರು ಬಣ್ಣಕ್ಕೆ ಬಂದಿತು. ಬಣ್ಣಗಾರನ ಹೆಸರು ಬರಲಿಲ್ಲ.

ಎದೊ ಯುಗ, ಅಂದರೆ ೧೬೦೩ರಿಂದ ೧೮೬೮ರ ವರೆಗಿನ ತೊಕುಗಾವಾ ಆಳ್ವಿಕೆಯ ಕಾಲ, ಈ ರಸದ ಸುಗ್ಗಿಯ ಕಾಲ. ಎದೊ ಪಟ್ಟಣವೇ ಇಂದಿನ ತೋಕಿಯೊ. ಪಟ್ಟಣದ ಮನೆಗಳ ಹಲಗೆಗೋಡೆಗಳಿಗೂ ಬೇಲಿಗಳಿಗೂ ಮಸಿ ಬೆರಸಿದ ಕಾಕಿಶಿಬುವನ್ನು ಬಳಿಯುತ್ತಿದ್ದರು. ಆ ಕಾಲದ ಬೀದಿಯ ಕಪ್ಪು ಬೇಲಿಗಳ ಸೊಗಸು ಇದರದು. ಕಾಗದವನ್ನು ಪದರ ಪದರವಾಗಿ ಅಂಟಿಸಿ ರಸವೂಡಿದ 'ಶಿಬುಗಾಮಿ' ನೆಲಹಾಸಾಗಿ, ಸರಕಿನ ಹೊದಿಕೆಯಾಗಿ ಬಳಕೆಯಲ್ಲಿತ್ತು. ಒಲೆ ಊದುವ ಬೀಸಣಿಗೆಗಳಿಗೆ ಬಳಿದರೆ ಕಾಗದ ಗಟ್ಟಿಯಾಗಿ ವರ್ಷಗಳ ಕಾಲ ಬಾಳುತ್ತಿತ್ತು. ಕ್ಯೂಶೂ ದ್ವೀಪದ ಕುತಾಮಿ ಎಂಬ ಊರಿನ ಬೀಸಣಿಗೆಗಳು ಇಂದಿಗೂ ಹಾಗೆಯೇ ಆಗುತ್ತವೆ. ಕಾಗದದ ಉಡುಪಾದ 'ಕಾಮಿಕೊ'ವಿಗೂ ಒಂದು ಗೆಡ್ಡೆಯ ಅಂಟನ್ನೋ ಈ ರಸವನ್ನೋ ಕೊಟ್ಟು ಹದಮಾಡುತ್ತಿದ್ದರು. ಕವಿ ಬಾಶೊ ೧೬೮೯ರಲ್ಲಿ ಉತ್ತರದ ಒಳನಾಡಿಗೆ ನಡೆದುಹೋದಾಗ ರಾತ್ರಿಯ ಚಳಿಗೆಂದು ಹೊತ್ತಿದ್ದ ಗಂಟಿನಲ್ಲಿ ಇಂಥ ಒಂದು ಕಾಗದದಂಗಿಯಿತ್ತು. ಇಷ್ಟಕ್ಕೆಲ್ಲ ರಸ ಎಲ್ಲಿಂದ ಬರಬೇಕು? ಎದೊ ಪಟ್ಟಣಕ್ಕೆ ಉತ್ತರದಲ್ಲಿ, ಈಗಿನ ಸೈತಾಮಾ ಪ್ರಾಂತದ ಕವಾಗುಚಿಯ ಆಸುಪಾಸಿನಲ್ಲಿ ಆಗುತ್ತಿದ್ದ ರಸವು 'ಅಕಯಾಮಾ ಶಿಬು' ಎಂಬ ಹೆಸರಿನಿಂದ ಪಟ್ಟಣದ ಪೇಟೆಗೆ ಬರುತ್ತಿತ್ತು. ಪಶ್ಚಿಮದಲ್ಲಿ ಕ್ಯೋತೊದ ದಕ್ಷಿಣಕ್ಕಿರುವ ಯಮಾಶಿರೊ, ಮಧ್ಯಭಾಗದಲ್ಲಿ ಮಿನೊ, ಒಳಸಮುದ್ರದ ಕಡೆ ಬಿಂಗೊ ಹೆಸರಾದ ಸೀಮೆಗಳು. ಬೆಳೆಗಾರನಿಗೆ ಇದು ಗದ್ದೆಯ ಬೆಳೆಯಲ್ಲ, ಹೊಲದಂಚಿನ ಮತ್ತು ಹಿತ್ತಿಲಿನ ಮರದ ಬೆಳೆ.

ಕಡಲ ತೀರದಲ್ಲಿ ಬಲೆ, ಮದ್ಯದ ಊರುಗಳಲ್ಲಿ ಚೀಲ: ಈ ಎರಡೂ ಕಡೆಗಳಲ್ಲಿ ರಸವನ್ನು ಬಳಿದವರು ಬೇರೊಂದು ಕಸುಬಿನವರೇ. ಸೆಣಬಿನ, ಅನಂತರ ಹತ್ತಿಯ ಬಲೆಯನ್ನು ಬೆಸ್ತರು ಋತುವಿಗೆ ಹಲವು ಸಲ ರಸದಲ್ಲಿ ಅದ್ದಿ ದಡದಲ್ಲಿ ಹರಡುತ್ತಿದ್ದರು. ಅಕ್ಕಿಯ ಮದ್ಯವಾದ ಸಾಕೆಯನ್ನು ಸೋಸುವ ಪದ್ಧತಿ ಇನ್ನೂ ಕುತೂಹಲದ್ದು. ಹುದುಗಿದ ಗಂಜಿಯನ್ನು ಹತ್ತಿಯ ಉದ್ದ ಚೀಲಗಳಿಗೆ ತುಂಬಿ, 'ದೋಣಿ' ಎಂದು ಕರೆಯುವ ಮರದ ತೊಟ್ಟಿಯಲ್ಲಿ ಒಂದರ ಮೇಲೊಂದು ಮಲಗಿಸಿ ಮೇಲಿನಿಂದ ಒತ್ತುತ್ತಾರೆ. ಅಷ್ಟು ಭಾರಕ್ಕೆ ಹರಿಯದಿರಲು ಚೀಲಗಳಿಗೆ ಕಾಕಿಶಿಬುವನ್ನು ಊಡುತ್ತಿದ್ದರು; ಚಳಿಗಾಲದ ಕೆಲಸ ಮುಗಿದ ಮೇಲೆ ತೊಳೆದು, ಹರಿದಲ್ಲಿ ಹೊಲಿದು, ಮತ್ತೆ ಊಡುತ್ತಿದ್ದರು. ವರುಷ ವರುಷದ ಬಳಿತದಿಂದ ಚೀಲ ತೊಗಲಿನಂತಾಗುತ್ತಿತ್ತು.

ಇನ್ನು ನಮ್ಮ ವಿಷಯದ ತಿರುಳಿಗೆ ಬರೋಣ. ಈಗಿನ ಮಿಎ ಪ್ರಾಂತದ ಸುಜುಕಾ ನಗರದಲ್ಲಿ ಸೇರಿಹೋಗಿರುವ ಶಿರೊಕೊ ಮತ್ತು ಜಿಕೆ ಎಂಬ ಎರಡು ಕಡಲತಡಿಯ ಊರುಗಳು ಬಟ್ಟೆಯ ಅಚ್ಚುಹಾಳೆಗೆ ಶತಮಾನಗಳಿಂದ ಪ್ರಸಿದ್ಧ. ಈ ಹಾಳೆಗಳಿಗೆ 'ಇಸೆ ಕತಗಾಮಿ' ಎಂದು ಹೆಸರು. ೧೬೧೯ರಲ್ಲಿ ಈ ಊರುಗಳು ತೊಕುಗಾವಾ ವಂಶದವರೇ ಆಳುತ್ತಿದ್ದ ಕೀಶೂ ಸಂಸ್ಥಾನಕ್ಕೆ ಸೇರಿದವು. ಸಂಸ್ಥಾನದ ರಹದಾರಿ ಹಿಡಿದ ಇಲ್ಲಿಯ ವರ್ತಕರು ದೇಶವನ್ನೆಲ್ಲ ಸುತ್ತಿ ಹಾಳೆಗಳನ್ನು ಮಾರಿದರು. ಹಾಳೆಯನ್ನು ಬಟ್ಟೆಯ ಮೇಲಿಟ್ಟು ಅದರ ತೂತುಗಳ ಮೂಲಕ ಅಕ್ಕಿಹಿಟ್ಟಿನ ಅಂಟುಗಂಜಿಯನ್ನು ಎಳೆದರೆ, ಗಂಜಿ ಕೂತಲ್ಲಿ ಬಣ್ಣ ಹತ್ತುವುದಿಲ್ಲ. ತೊಳೆದಾಗ ಚಿತ್ತಾರ ಬಿಳಿಯಾಗಿ ಉಳಿಯುತ್ತದೆ. ದೂರದಿಂದ ನೋಡಿದರೆ ಒಂದೇ ಬಣ್ಣವೆಂದು ತೋರಿ, ಹತ್ತಿರ ಬಂದರೆ ಸಾವಿರ ಚುಕ್ಕಿಗಳಾಗಿ ಒಡೆಯುವ 'ಕೊಮೊನ್' ಬಟ್ಟೆ ಹೀಗೆ ಆದುದು. ಗೆರೆಯ ಅಚ್ಚಿನಲ್ಲಿ ಒಂದು ಸೆಂಟಿಮೀಟರ್ ಅಗಲದಲ್ಲಿ ೧೧ ಗೆರೆಗಳವರೆಗೆ ಕೊರೆಯುವವರಿದ್ದರು.

ಈ ಕೊರೆತಕ್ಕೆ ಮೊದಲು ಹಾಳೆ ಸಿದ್ಧವಾಗಬೇಕಷ್ಟೆ. ಮಿನೊ ಸೀಮೆಯಿಂದ ಬಂದ ಕೈಕಾಗದದ ಮೂರು ಹಾಳೆಗಳನ್ನು ಕಾಕಿಶಿಬುವಿನಿಂದಲೇ ಒಂದಕ್ಕೊಂದು ಅಂಟಿಸುತ್ತಾರೆ. ಅಂಟಿಸುವಾಗ ಒಂದರ ನಾರು ಉದ್ದಕ್ಕಿದ್ದರೆ ಅದರ ಮೇಲಿನದರ ನಾರು ಅಡ್ಡಕ್ಕಿರಬೇಕು. ಆಗ ಮಾತ್ರ ನೀರು ಕುಡಿದಾಗ ಒಂದರ ಹಿಗ್ಗುವಿಕೆಯನ್ನು ಇನ್ನೊಂದು ತಡೆಯುತ್ತದೆ. ಅಂಟಿಸಿದ ಹಾಳೆಯನ್ನು ಮರದ ಹಲಗೆಗೆ ಹಚ್ಚಿ ಬಿಸಿಲಿಗೆ ಒಡ್ಡುತ್ತಾರೆ. ಒಣಗಿದ ಹಾಳೆಗಳನ್ನು ಮುಚ್ಚಿದ ಕೋಣೆಯಲ್ಲಿ ತೂಗುಹಾಕಿ ಸುಮಾರು ಒಂದು ವಾರ ಮರದ ಹೊಟ್ಟಿನ ಹೊಗೆ ಕೊಡುತ್ತಾರೆ. ಮತ್ತೆ ರಸ, ಮತ್ತೆ ಬಿಸಿಲು, ಮತ್ತೆ ಹೊಗೆ. ಆ ಮೇಲೆ ಕಸರು ನೋಡಿ ಆರಿಸಿ, ಹಾಳೆ ತನ್ನ ಅಳತೆಯಲ್ಲಿ ನೆಲೆಗೊಳ್ಳುವವರೆಗೆ ಕಟ್ಟಿಡುತ್ತಾರೆ. ಇಷ್ಟು ತೊಂದರೆ ಯಾತಕ್ಕೆಂದರೆ, ಒಂದು ನಿಲುವಂಗಿಯ ಬಟ್ಟೆಯ ಉದ್ದಕ್ಕೆ ಅಚ್ಚನ್ನು ಮತ್ತೆ ಮತ್ತೆ ಸರಿಸಿ ಇಡಬೇಕು. ಪ್ರತಿ ಸಲವೂ ಹಿಂದಿನ ಅಂಚಿನ ಚುಕ್ಕಿಯ ಮೇಲೆ ಮುಂದಿನ ಚುಕ್ಕಿ ಸರಿಯಾಗಿ ಕೂಡಬೇಕು. ಗಂಜಿಯಲ್ಲಿ ತೊಯ್ದ ಹಾಳೆ ಕೂದಲೆಳೆಯಷ್ಟು ಹಿಗ್ಗಿದರೂ ಬಟ್ಟೆಗೆ ಅಡ್ಡಗೆರೆ ಬೀಳುತ್ತದೆ. ಕೊರೆಯುವವನ ತಪ್ಪು ಕೊರೆದಾಗಲೇ ಕಾಣುತ್ತದೆ. ಹಾಳೆ ಮಾಡಿದವನ ತಪ್ಪು ಕಾಣುವುದು ಎಷ್ಟೋ ಕಾಲದ ಮೇಲೆ, ಎಷ್ಟೋ ಹರದಾರಿ ದೂರದ ಬಣ್ಣಗಾರನ ಹಲಗೆಯ ಮೇಲೆ. ಅವನ ಕೆಲಸ ಸರಿಯಾಗಿದ್ದರಂತೂ ಅದು ಎಂದಿಗೂ ಕಾಣುವುದೇ ಇಲ್ಲ.

ಉದ್ದನೆಯ ಗೆರೆಗಳ ಅಚ್ಚಿನಲ್ಲಿ ಇನ್ನೊಂದು ಕಷ್ಟವಿದೆ. ಕೊರೆದ ಮೇಲೆ ಕಾಗದದ ಎಳೆಗಳು ಆಧಾರವಿಲ್ಲದೆ ಅಲುಗಾಡುತ್ತವೆ. ಅದಕ್ಕಾಗಿ ಹಾಳೆಯನ್ನು ಎರಡು ಪದರಗಳಾಗಿ ಬಿಡಿಸಿ, ನಡುವೆ ರೇಷ್ಮೆಯ ನೂಲನ್ನು ಹಾಯಿಸಿ, ಒಂದು ಗೆರೆಯೂ ಜರುಗದಂತೆ ಮತ್ತೆ ಒಂದಾಗಿ ಅಂಟಿಸುವ 'ಇತೊಇರೆ' ಎಂಬ ಕೆಲಸ ಹುಟ್ಟಿತು. ಅಲ್ಲಿಯೂ ಅಂಟು ಕಾಕಿಶಿಬುವೇ. ಇದನ್ನು ಮುಖ್ಯವಾಗಿ ಹೆಂಗಸರು ಮಾಡುತ್ತಿದ್ದರು. ಅಚ್ಚಿನ ಮೇಲೆ ತೆಳು ರೇಷ್ಮೆಯ ಜಾಲರಿಯನ್ನು ಹಚ್ಚುವ ಸುಲಭೋಪಾಯ ಇಪ್ಪತ್ತನೆಯ ಶತಮಾನದಲ್ಲಿ ಬಂದ ಮೇಲೆ ಈ ಕೆಲಸ ಬಹಳ ಮಟ್ಟಿಗೆ ನಿಂತಿತು.

೧೯೫೦ರಲ್ಲಿ ಜಪಾನು ಸಾಂಸ್ಕೃತಿಕ ಸಂಪತ್ತಿನ ರಕ್ಷಣೆಗೆ ಒಂದು ಶಾಸನ ಮಾಡಿತು. ೧೯೫೪ರ ತಿದ್ದುಪಡಿಯಿಂದ, ವಸ್ತುವಿಗಲ್ಲದೆ ವಿದ್ಯೆಗೂ ಆ ವಿದ್ಯೆಯನ್ನು ಬಲ್ಲ ವ್ಯಕ್ತಿಗೂ ಮನ್ನಣೆ ಕೊಡುವ ಏರ್ಪಾಡಾಯಿತು. ಜನರು 'ಜೀವಂತ ರಾಷ್ಟ್ರನಿಧಿ' ಎನ್ನುವುದು ಹೀಗೆ ಮನ್ನಣೆ ಪಡೆದವರನ್ನೇ. ೧೯೫೫ರಲ್ಲಿ ಇಸೆ ಕತಗಾಮಿಗೆ ಈ ಗೌರವ ಬಂದಾಗ ಆರು ಜನರು ಆಯ್ಕೆಯಾದರು. ನಾನ್ಬು ಯೋಶಿಮಾತ್ಸು, ರೊಕುತಾನಿ ಬೈಕೆನ್, ಕೊದಾಮಾ ಹಿರೋಶಿ, ನಕಾಜಿಮಾ ಹಿದೆಕಿಚಿ, ನಕಾಮುರಾ ಯೂಜಿರೊ ಎಂಬ ಐವರು ಬೇರೆ ಬೇರೆ ಬಗೆಯ ಕೊರೆತದವರು. ಆರನೆಯವರು ಇತೊಇರೆ ಬಲ್ಲ ಜೊನೊಕುಚಿ ಮಿಎ ಎಂಬ ಮಹಿಳೆ. ಅದೇ ವರ್ಷ, ಇಂಥ ಹಾಳೆಗಳಿಂದ ಬಟ್ಟೆಗೆ ಬಣ್ಣವೇರಿಸುತ್ತಿದ್ದ ತೋಕಿಯೊದ ಕೊಮಿಯಾ ಕೋಸುಕೆ ಅವರಿಗೂ ಮನ್ನಣೆ ದೊರೆಯಿತು. ಕೊರೆದವರೂ ಬಣ್ಣ ಹಾಕಿದವರೂ ಗೌರವ ಪಡೆದರು. ಇವರಿಬ್ಬರ ನಡುವೆ ಸೇತುವೆಯಾಗಿದ್ದ ಹಾಳೆಯನ್ನು ರಸವೂಡಿ ಸಿದ್ಧಗೊಳಿಸಿದವರು ಆ ಪಟ್ಟಿಯಲ್ಲಿಲ್ಲ. ಆರು ಜನರಲ್ಲಿ ಕಾಕಿಶಿಬುವನ್ನೇ ತನ್ನ ಕೌಶಲದ ಸಾಧನವಾಗಿ ಬಳಸುತ್ತಿದ್ದವರೆಂದರೆ ಜೊನೊಕುಚಿ ಅವರೊಬ್ಬರೇ.

ಆಯ್ಕೆ ಮಾಡಿದವರ ಮೇಲೆ ನಾವು ದೋಷ ಹೊರಿಸುತ್ತಿಲ್ಲ. ಆ ಆರು ಜನರ ಯೋಗ್ಯತೆಯನ್ನು ಪ್ರಶ್ನಿಸುವಂಥ ಧಾರ್ಷ್ಟ್ಯವೂ ನಮಗಿಲ್ಲ. ಕೊರೆತದ ವಿದ್ಯೆ ದುರ್ಲಭವಾದುದು, ಬಳಿಯುವ ಕೆಲಸ ಸಾಮಾನ್ಯವಾದುದು ಎಂಬ ವಾದವನ್ನು ಕೆಲವರು ಮುಂದಿಡಬಹುದು. ಮೇಲೆ ವಿವರಿಸಿದ ಕ್ರಮವನ್ನು ಗಮನಿಸಿದವರು ಇದನ್ನು ಸುಲಭವಾಗಿ ಒಪ್ಪಲಾರರು. ನಮ್ಮ ಊಹೆಯಲ್ಲಿ ಕಾರಣ ಬೇರೆಯೇ ಇದೆ. ಶಾಸನವು ವಿದ್ಯೆಯನ್ನು ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಹುಡುಕಿತು. ಕೊರೆದವನ ಕೈಯನ್ನು ಅಚ್ಚಿನಲ್ಲಿ ತೋರಿಸಬಹುದು. ಹಾಳೆ ಸಿದ್ಧವಾಗುವುದಾದರೋ ಅನೇಕ ಕೈಗಳಿಂದ, ಬಿಸಿಲಿನಿಂದ, ಹೊಗೆಯಿಂದ, ಕಾಲದಿಂದ. ಇವುಗಳಲ್ಲಿ ಯಾವುದನ್ನು ಹೆಸರಿಸುವುದು? ೧೯೭೫ರ ತಿದ್ದುಪಡಿಯಲ್ಲಿ, ಕಲೆಗಳಿಗೆ ಬೇಕಾದ ಸಾಮಗ್ರಿ ಮತ್ತು ಉಪಕರಣಗಳ ತಯಾರಿಕೆಯಂಥ ಸಂರಕ್ಷಣಾ ವಿದ್ಯೆಗಳಿಗೆಂದು ಪ್ರತ್ಯೇಕ ವರ್ಗವನ್ನು ಆ ದೇಶವೇ ಕಲ್ಪಿಸಬೇಕಾಗಿ ಬಂದುದು ಈ ಕೊರತೆ ಸರ್ಕಾರಕ್ಕೂ ಅರಿವಾಗಿತ್ತೆಂಬುದನ್ನು ತೋರಿಸುತ್ತದೆ.

ಪರದೇಶದವರ ಕಣ್ಣೂ ಇದೇ ದಾರಿಯಲ್ಲಿ ನಡೆಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯೂರೋಪು ಈ ಹಾಳೆಗಳನ್ನು ಕಟ್ಟುಕಟ್ಟಾಗಿ ಕೊಂಡಿತು. ಲಂಡನ್ನಿನ ಆಂಡ್ರ್ಯೂ ಟ್ಯೂಅರ್ ೧೮೯೨ರಲ್ಲಿ ನೂರು ಅಚ್ಚುಗಳ ಪ್ರತಿಕೃತಿಗಳನ್ನು ಪ್ರಕಟಿಸಿದಾಗ ಗ್ರಂಥದ ಹೆಸರಿನಲ್ಲಿಯೇ ಅಚ್ಚು ಕೊರೆಯುವವನ ಕಲೆಯನ್ನು ಹೊಗಳಿದನು. ಜರ್ಮನಿಯ ಡ್ರೆಸ್ಡನ್ನಿನ ವಸ್ತುಸಂಗ್ರಹಾಲಯವೊಂದರಲ್ಲಿಯೇ ೧೫,೦೦೦ಕ್ಕೂ ಹೆಚ್ಚು ಹಾಳೆಗಳಿವೆ. ಅವುಗಳ ತೂತುಗಳಲ್ಲಿ ಹೊಸ ಅಲಂಕಾರಕಲೆಗೆ ಬೇಕಾದ ರೇಖೆಗಳು ಕಂಡವು. ತೂತಿನ ಸುತ್ತಲಿನ ಕಂದುಬಣ್ಣ ಹಿನ್ನೆಲೆಯಾಗಿಯೇ ಉಳಿಯಿತು. ನೂರಾರು ವರ್ಷಗಳ ಮೇಲೆಯೂ ಆ ಹಾಳೆಗಳನ್ನು ಎತ್ತಿ ನೋಡಲು ಸಾಧ್ಯವಾಗಿರುವುದು ಆ ಕಂದಿನಿಂದ ಎಂಬುದನ್ನು ಮಾತ್ರ ಇಲ್ಲಿ ಹೇಳಬೇಕು.

ರಸದ ಇಳಿಗಾಲ ಒಮ್ಮೆಗೇ ಬರಲಿಲ್ಲ. ಬಲೆಯ ಕೆಲಸಕ್ಕೆ ಮೊದಲು ಪ್ರತಿಸ್ಪರ್ಧಿಯಾಗಿ ಬಂದುದು ದಕ್ಷಿಣದ ದೇಶಗಳ ಮರದ ತೊಗಟೆಯ ಸಾರ. ಅದನ್ನು ಜಪಾನಿನ ಬೆಸ್ತರು 'ಕಚ್ಚಿ' ಎಂದರು. ನಮ್ಮ ಎಲೆಯಡಿಕೆಯ ಕಾಚಿನ ಹೆಸರೇ ವರ್ತಕರ ಬಾಯಲ್ಲಿ ಅಲ್ಲಿಯವರೆಗೆ ಪಯಣ ಮಾಡಿತ್ತು. ಅನಂತರ ಬಂದುದು ಕೊಳೆಯದ ನೂಲು. ಜಪಾನಿನಲ್ಲಿಯೇ ೧೯೩೯ರಲ್ಲಿ ಕಂಡುಹಿಡಿದ ವಿನೈಲಾನ್ ಎಂಬ ಕೃತಕ ನೂಲಿನ ಕೈಗಾರಿಕೆ ೧೯೫೦ರಲ್ಲಿ ಮೊದಲಾಯಿತು. ಅದರೊಡನೆ ನೈಲಾನೂ ಹರಡಿತು. ಕೊಳೆಯುವ ನೂಲಿಗೆ ಬೇಕಾಗಿದ್ದ ರಸ ಕೊಳೆಯದ ನೂಲಿಗೆ ಬೇಡವಾಯಿತು. ಕಾಗದದ ಕೊಡೆ ಹೋಯಿತು, ಶಿಬುಗಾಮಿಯ ಜಾಗಕ್ಕೆ ಪ್ಲಾಸ್ಟಿಕ್ಕು ಬಂದಿತು, ಹಲಗೆಗೆ ಕಾರ್ಖಾನೆಯ ಬಣ್ಣ ಬಂದಿತು, ಮದ್ಯದ ಚೀಲದ ಜಾಗಕ್ಕೆ ಯಂತ್ರದ ಒತ್ತುಗಳು ಬಂದವು. ಅಮೆರಿಕದ ಒಂದು ಗೃಹಾಲಂಕಾರ ಪತ್ರಿಕೆ ೧೯೬೦ರ ಆಗಸ್ಟಿನ ಸಂಚಿಕೆಯನ್ನು 'ಶಿಬುಯಿ' ಎಂಬ ಜಪಾನೀ ಸೌಂದರ್ಯಭಾವಕ್ಕೆ ಮೀಸಲಿಟ್ಟಿತು. ಒಗರಿನಿಂದ ಹುಟ್ಟಿ, ಅಬ್ಬರವಿಲ್ಲದ ಗಂಭೀರ ಸೊಗಸು ಎಂಬ ಅರ್ಥಕ್ಕೆ ಏರಿದ ಶಬ್ದ ಅದು. ನಮ್ಮ 'ಒಗರು' ಪಾಪ, ನಾಲಗೆಯನ್ನು ಬಿಟ್ಟು ಮೇಲೇರಲಿಲ್ಲ. ಆ ಶಬ್ದ ಸಾಗರ ದಾಟಿ ಕೀರ್ತಿ ಪಡೆಯುತ್ತಿದ್ದ ವರ್ಷಗಳಲ್ಲಿಯೇ ಶಿಬುವಿನ ತೊಟ್ಟಿಗಳು ಊರೂರಿನಲ್ಲಿ ಬತ್ತುತ್ತಿದ್ದವು.

ಪೂರ್ತಿ ಬತ್ತದಂತೆ ಉಳಿಸಿದುದು ಮದ್ಯ. ಚೀಲಕ್ಕೆ ರಸ ಬೇಡವಾದ ಮೇಲೂ ಮದ್ಯವನ್ನು ತಿಳಿಗೊಳಿಸಲು ಅದು ಬೇಕಾಗಿತ್ತು. ಯಮಾಶಿರೊ ಮೊದಲಾದೆಡೆ ಬೆರಳೆಣಿಕೆಯ ತಯಾರಕರು ಮುಖ್ಯವಾಗಿ ಈ ಬೇಡಿಕೆಯ ಬಲದಿಂದ ಉಳಿದುಕೊಂಡರು. ಕಟ್ಟಡದ ಒಳಗಣ ವಿಷವಾಯುಗಳನ್ನು ೨೦೦೩ರಲ್ಲಿ ಕಾನೂನು ನಿರ್ಬಂಧಿಸಿದ ಬಳಿಕ ಮರಕ್ಕೆ ಬಳಿಯಲು ಮನೆಕಟ್ಟುವವರು ಮತ್ತೆ ಇದರ ಕಡೆ ತಿರುಗಿದರು. ವಾಸನೆ ತೆಗೆದ ರಸವೂ ಈಗ ದೊರೆಯುತ್ತದೆ. ೨೦೧೩ರಲ್ಲಿ ಹಿರೋಶಿಮಾದ ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಈ ಟ್ಯಾನಿನ್ನು ಹಲವು ವೈರಸ್ಸುಗಳನ್ನು ನಿಷ್ಕ್ರಿಯಗೊಳಿಸುವುದನ್ನು ತೋರಿಸಿದರು. ೨೦೨೦ರಲ್ಲಿ ನಾರಾ ವೈದ್ಯಕೀಯ ವಿಶ್ವವಿದ್ಯಾಲಯದಿಂದ ಕೊರೋನಾ ವೈರಸ್ಸಿನ ಬಗ್ಗೆಯೂ ಅಂಥದೇ ವರದಿ ಬಂದಾಗ ಕಾಕಿಯ ಹೆಸರಿನ ಪದಾರ್ಥಗಳಿಗೆ ಜನರು ಮುಗಿಬಿದ್ದರು. ಪ್ರಯೋಗಶಾಲೆಯ ನಳಿಕೆಯಿಂದ ಮನುಷ್ಯದೇಹಕ್ಕೆ ದೂರ ಬಹಳವಿದೆ ಎಂಬುದನ್ನು ಆ ಉತ್ಸಾಹದಲ್ಲಿ ಅನೇಕರು ಗಮನಿಸಲಿಲ್ಲ.

ಹಳೆಯ ಮದ್ಯದ ಚೀಲಗಳನ್ನು ಈಗ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಕೆಲವರು ಅವುಗಳನ್ನು ಕತ್ತರಿಸಿ ಕೈಚೀಲಗಳನ್ನು ಹೊಲಿಸುತ್ತಾರೆ. ಅಂಥ ಬಟ್ಟೆಯಲ್ಲಿ ಬೆಲೆ ಹೆಚ್ಚು ಬರುವುದು ತೇಪೆಯಿರುವ ಭಾಗಕ್ಕೆ. ಹರಿದಲ್ಲಿ ಒಂದು ತುಂಡು, ಅದು ಸವೆದಲ್ಲಿ ಮೇಲೊಂದು ತುಂಡು, ಪ್ರತಿಯೊಂದರ ಮೇಲೂ ಆಯಾ ವರ್ಷದ ಬಳಿತ. ಮೊದಲು ಹಾಕಿದ ತೇಪೆ ಹೆಚ್ಚು ಕಪ್ಪಗೆ, ಕೊನೆಯದು ತಿಳಿಯಾಗಿ, ಹೊಲಿಗೆಯ ದಾರ ಕೂಡ ಎಲ್ಲೆಲ್ಲಿ ಎಷ್ಟು ಸಲ ರಸ ಕುಡಿದಿದೆಯೋ ಅಷ್ಟಷ್ಟು ಗಾಢವಾಗಿ ಕಾಣುತ್ತದೆ. ಒಂದು ಚೀಲ ಎಷ್ಟು ಚಳಿಗಾಲ ಕೆಲಸ ಮಾಡಿತೆಂಬುದನ್ನು ಅದರ ಪದರಗಳಿಂದ ಲೆಕ್ಕ ಹಾಕಲು ಸಾಧ್ಯವಿದೆ. ಬಟ್ಟಲಿನ ಚೂರುಗಳನ್ನು ಸೀಳಿ ನೋಡಿದ ವಿಧಾನವನ್ನು ಈ ಚೀಲಗಳಿಗೂ ಅಚ್ಚುಹಾಳೆಗಳ ಅಂಚುಗಳಿಗೂ ಅನ್ವಯಿಸುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಜವಳಿಯ ಇತಿಹಾಸವನ್ನು ಓದುವವರು ಗಮನದಲ್ಲಿಡಬಹುದು.